ಅಧ್ಯಕ್ಷರ ವಿರುದ್ಧದ ಸಂಪಾದಕೀಯ

ಸಫ್ದರ್ ಕಿರ್ಮಾನಿಯವರನ್ನು ಕ್ರಿಕೆಟ್ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿದ ಸುದ್ದಿ ಬಂದಾಗ ಅವರು ಅದೇ ಮಂಡಳಿಯನ್ನು ಬೈದು ಅಂಕಣ ಬರೆಯುತ್ತ ಕೂತಿದ್ದರು. ಲಾಹೋರಿನ ಟೆಂಪಲ್ ರಸ್ತೆಯಲ್ಲಿ, ಮಿಠಾಯಿ ಅಂಗಡಿಯ ಮೇಲಿನ ಮಹಡಿಯಿಂದ ಹೊರಡುವ 'ಚೌಬಾರಾ' ವಾರಪತ್ರಿಕೆಯನ್ನು ಹುಟ್ಟುಹಾಕಿದವರು ಅವರು. "ಸರ್ಕಾರ ಬದಲಾದಾಗಲೆಲ್ಲ ಯಾರೋ ಒಬ್ಬ ಆಪ್ತನನ್ನು ತಂದು ಆ ಕುರ್ಚಿಯಲ್ಲಿ ಕೂರಿಸುತ್ತಾರೆ, ಅವನಿಗೆ ಬ್ಯಾಟನ್ನು ಯಾವ ತುದಿಯಿಂದ ಹಿಡಿಯಬೇಕೆಂದೂ ಗೊತ್ತಿರುವುದಿಲ್ಲ" ಎಂಬಲ್ಲಿಗೆ ಬರಹ ಬಂದಿತ್ತು. ಅಷ್ಟರಲ್ಲಿ ಇಸ್ಲಾಮಾಬಾದಿನಿಂದ ಮಂತ್ರಿ ಮಲಿಕ್ ಜಹಾಂಜೇಬ್ ಫೋನು ಮಾಡಿದರು.

ಮಾತು ಮುಗಿಸಿ ಕಿರ್ಮಾನಿ ಫೋನನ್ನು ಹೂವಿಡುವ ಹಾಗೆ ಮೇಜಿನ ಮೇಲಿಟ್ಟರು. ಎದುರಿಗೆ ಅವರ ಹೆಂಡತಿ ವಾಹಿದಾ ಪ್ರೂಫು ತಿದ್ದುತ್ತಿದ್ದರು.

"ಬೇಗಂ, ನನ್ನನ್ನೇ ಮಾಡ್ತಾರಂತೆ."

"ಏನ್ ಮಾಡ್ತಾರಂತೆ?"

"ಅಧ್ಯಕ್ಷನ್ನ. ಕ್ರಿಕೆಟ್ ಮಂಡಳಿಗೆ."

ವಾಹಿದಾ ಕನ್ನಡಕ ತೆಗೆದು ಗಂಡನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. "ಒಪ್ಕೊಂಡ್ರಾ?"

"ಯೋಚನೆ ಮಾಡಿ ಹೇಳ್ತೀನಿ ಅಂದೆ."

"ಎಷ್ಟೊತ್ತು ಯೋಚನೆ ಮಾಡಿದ್ರಿ?"

"ಅವರು ಫೋನ್ ಇಡೋಕೆ ಮುಂಚೆ ಹ್ಞೂಂ ಅಂದ್ಬಿಟ್ಟೆ." ಕಿರ್ಮಾನಿ ಅರ್ಧ ಬರೆದ ಅಂಕಣವನ್ನು ಎತ್ತಿ ಹಿಡಿದರು. "ಇದನ್ನೇನ್ ಮಾಡ್ಲಿ?"

"ಚೆನ್ನಾಗೇ ಬಂದಿದೆಯಲ್ಲ, ಮುಗಿಸಿ. 'ಯಾರೋ ಒಬ್ಬ' ಅಂತ ಇರೋ ಕಡೆ ನಿಮ್ಮ ಹೆಸರು ಹಾಕಿದ್ರಾಯ್ತು."

ಕಿರ್ಮಾನಿಯವರಿಗೆ ಕ್ರಿಕೆಟ್ ಗೊತ್ತಿರಲಿಲ್ಲ ಎಂದರೆ ತಪ್ಪಾಗುತ್ತದೆ. ಕಾಲೇಜಿನಲ್ಲಿ ಅವರು ಇಡೀ ಮೂರು ವರ್ಷ ಹನ್ನೆರಡನೆಯ ಆಟಗಾರರಾಗಿದ್ದರು. ನೀರು ಹೊತ್ತುಕೊಂಡು ಮೈದಾನದ ಮಧ್ಯಕ್ಕೆ ಓಡುವುದರಲ್ಲಿ ಅವರಷ್ಟು ಚುರುಕಾದವರು ಇನ್ನೊಬ್ಬರಿರಲಿಲ್ಲ. ಆಮೇಲೆ ಪತ್ರಕರ್ತರಾದರು. ಸೇನಾಡಳಿತದ ಕಾಲದಲ್ಲಿ ಒಂದು ಲೇಖನಕ್ಕಾಗಿ ಜೈಲಿಗೆ ಹೋಗಿ ಬಂದರು. ಅದು ನಿಜವಾದ ಜೈಲು, ನಿಜವಾದ ಲೇಖನ. ಆ ವಿಷಯದಲ್ಲಿ ಅವರನ್ನು ಯಾರೂ ಗೇಲಿ ಮಾಡುತ್ತಿರಲಿಲ್ಲ. ಗೇಲಿಗೆ ಸಿಗುತ್ತಿದ್ದದ್ದು ಅವರ ರಾಜಕೀಯ. ಎರಡು ಸಲ ಚುನಾವಣೆಗೆ ನಿಂತು, ಎರಡು ಸಲವೂ ಭಾಷಣವನ್ನು ಗೆದ್ದು ಮತಗಳನ್ನು ಸೋತಿದ್ದರು. ಅವರ ಉರ್ದು ಎಷ್ಟು ಸೊಗಸಾಗಿತ್ತೆಂದರೆ ಲಾಹೋರಿನ ಮೋಝಂಗ್ ಬಡಾವಣೆಯ ಮತದಾರರು ಗಂಟೆಗಟ್ಟಲೆ ಕೂತು ಕೇಳಿ, ಚಪ್ಪಾಳೆ ತಟ್ಟಿ, ಎದ್ದು ಹೋಗಿ ಬೇರೆಯವನಿಗೆ ಮುದ್ರೆ ಒತ್ತಿ ಬರುತ್ತಿದ್ದರು. ಒಮ್ಮೆ ಉಸ್ತುವಾರಿ ಸರ್ಕಾರದಲ್ಲಿ ಕೆಲವು ವಾರ ಮಂತ್ರಿಯೂ ಆಗಿದ್ದರು. ಕಚೇರಿಯ ಪರದೆಗೆ ಯಾವ ಬಣ್ಣ ಎಂದು ತೀರ್ಮಾನಿಸುವಷ್ಟರಲ್ಲಿ ಆ ಸರ್ಕಾರದ ಅವಧಿ ಮುಗಿದಿತ್ತು.

ಪತ್ರಿಕೆ ಯಾರ ಕೈಗೆ ಎಂಬ ಪ್ರಶ್ನೆಯೇ ಏಳಲಿಲ್ಲ. ಗಂಡ ಜೈಲಿನಲ್ಲಿದ್ದಾಗ, ಚುನಾವಣೆಯಲ್ಲಿದ್ದಾಗ, ಮಂತ್ರಿಗಿರಿಯಲ್ಲಿದ್ದಾಗ 'ಚೌಬಾರಾ' ಹೊರತಂದವರು ವಾಹಿದಾ. ಈ ಸಲ ಅವರು ಸಂಪಾದಕರ ಜಾಗದಲ್ಲಿ ತಮ್ಮ ಹೆಸರನ್ನೇ ಅಚ್ಚು ಹಾಕಿಸಿದರು. "ಮನೇಲಿ ನೀವು ನನ್ನ ಯಜಮಾನ್ರು. ಪತ್ರಿಕೇಲಿ ನೀವು ಮಂಡಳಿ ಅಧ್ಯಕ್ಷರು. ಎರಡನ್ನೂ ಕಲಸಬೇಡಿ" ಎಂದು ಮೊದಲೇ ಹೇಳಿದರು. ಕಿರ್ಮಾನಿ ದೊಡ್ಡ ಮನಸ್ಸಿನಿಂದ ಒಪ್ಪಿದರು. ಅಲ್ಲಿಯವರೆಗೆ ಆ ಪತ್ರಿಕೆಯಲ್ಲಿ ಅವರ ವಿರುದ್ಧ ಯಾರೂ ಏನೂ ಬರೆದಿರಲಿಲ್ಲ.

ಸ್ಟೇಡಿಯಮ್ಮಿನಲ್ಲಿದ್ದ ಮಂಡಳಿಯ ಕಚೇರಿಯ ಕುರ್ಚಿ ಬಹಳ ಮೆತ್ತಗಿತ್ತು. ಅದರಲ್ಲಿ ಕೂತು ಅವರು ಒಳ್ಳೆಯ ಕೆಲಸವನ್ನೂ ಮಾಡಿದರು: ಸಾಹಿವಾಲ್, ಝಂಗ್‌ನಂಥ ಊರುಗಳ ಮೈದಾನಗಳಿಗೆ ಪಿಚ್ ಮುಚ್ಚುವ ಹೊದಿಕೆ ಕಳಿಸಿದರು, ಮಹಿಳಾ ತಂಡಕ್ಕೆ ದಾರಿಯಲ್ಲಿ ಕೆಟ್ಟು ನಿಲ್ಲದ ಬಸ್ಸು ಕೊಡಿಸಿದರು. ಆದರೆ ಕುರ್ಚಿ ತನ್ನ ಕೆಲಸವನ್ನೂ ಮಾಡುತ್ತಿತ್ತು. ಪತ್ರಕರ್ತರ ಫೋನು ಎತ್ತದ ಅಧಿಕಾರಿಗಳ ಬಗ್ಗೆ ಜೀವನವಿಡೀ ಕೆಂಡ ಕಾರಿದ ಮನುಷ್ಯ ಈಗ ಒಳಗೆ ಕಾಶ್ಮೀರಿ ಚಹಾ ಹೀರುತ್ತಿದ್ದರೆ, ಹೊರಗೆ ಕಾರ್ಯದರ್ಶಿ "ಸಾಹೇಬ್ರು ಮೀಟಿಂಗಲ್ಲಿದ್ದಾರೆ" ಎನ್ನುತ್ತಿದ್ದ. ಟಿವಿಯಲ್ಲಿ ಮಾತಾಡುವಾಗ ಅವರು 'ನಾನು' ಬಿಟ್ಟು 'ನಾವು' ಎನ್ನತೊಡಗಿದರು. "ಇದು ಯಾವಾಗಿಂದ? ಒಳಗೆ ಇನ್ನೊಬ್ರು ಇದ್ದಾರಾ?" ಎಂದು ವಾಹಿದಾ ಕೇಳಿದರು.

ಆ ಚಳಿಗಾಲ ತಂಡ ಹೊರದೇಶದಲ್ಲಿ ಸರಣಿ ಗೆದ್ದು ಬಂತು. ನಾಯಕ ತಲ್ಹಾ ಗೊಂಡಲ್ ಗುಜ್ರಾನ್‌ವಾಲಾದವನು. ಆ ಊರಿನ ಕುಸ್ತಿಪಟುಗಳ ಹಾಗೆ ದೇಹ, ಆ ಊರಿನ ಅಂಗಡಿಯವರ ಹಾಗೆ ನಾಲಿಗೆ. ಇಸ್ಲಾಮಾಬಾದಿನ ಸನ್ಮಾನದಲ್ಲಿ ಮಂತ್ರಿ ಜಹಾಂಜೇಬ್ ತಮ್ಮ ಮಾರ್ಗದರ್ಶನದಿಂದಲೇ ಈ ಗೆಲುವು ಬಂತೆಂಬ ಅರ್ಥದಲ್ಲಿ ಬಹಳ ಹೊತ್ತು ಮಾತಾಡಿದರು. ಫೋಟೋ ತೆಗೆಯುವಾಗ ಗೆದ್ದು ತಂದ ಕಪ್ಪನ್ನು ತಲ್ಹಾನ ಕೈಯಿಂದ ತಮ್ಮ ಕೈಗೆ ತೆಗೆದುಕೊಂಡರು. ತಲ್ಹಾ ಗಂಭೀರವಾಗಿಯೇ ಕೇಳಿದ: "ಮಲಿಕ್ ಸಾಹೇಬ್ರೇ, ನೀವು ಯಾವ ತುದಿಯಿಂದ ಬೌಲಿಂಗ್ ಮಾಡಿದ್ರಿ? ನಾನು ನೋಡ್ಲೇ ಇಲ್ಲ."

ಸಭಾಂಗಣವೆಲ್ಲ ನಕ್ಕಿತು. ಮಂತ್ರಿಯೂ ನಕ್ಕರು. ಮರುದಿನ ಬೆಳಿಗ್ಗೆ ಕಿರ್ಮಾನಿಯವರಿಗೆ ಫೋನು ಬಂತು.

"ಆ ಹುಡುಗ ತುಂಬಾ ದಣಿದ ಹಾಗೆ ಕಾಣ್ತಾನೆ, ಕಿರ್ಮಾನಿ ಸಾಹೇಬ್ರೇ. ಅವನಿಗೆ ಸ್ವಲ್ಪ ವಿಶ್ರಾಂತಿ ಬೇಕು ಅನ್ಸುತ್ತೆ."

"ದಣಿದ ಹಾಗೇನೂ..."

"ನಿಮಗೂ ದಣಿವಾಗಿಲ್ಲ ತಾನೆ?" ಎಂದರು ಮಂತ್ರಿ, ಬಹಳ ಅಕ್ಕರೆಯಿಂದ.

ಸಂಜೆಯ ಹೊತ್ತಿಗೆ ಮಂಡಳಿಯ ಹೇಳಿಕೆ ಹೊರಬಿತ್ತು: ತಲ್ಹಾ ಗೊಂಡಲ್ ಅವರ ಆರೋಗ್ಯದ ದೃಷ್ಟಿಯಿಂದ ಅವರನ್ನು ನಾಯಕತ್ವದ ಹೊರೆಯಿಂದ ಬಿಡುಗಡೆ ಮಾಡಲಾಗಿದೆ. ವಾಕ್ಯ ನಯವಾಗಿತ್ತು. ಬರೆದವರು ಕಿರ್ಮಾನಿಯವರೇ. ಅಂದು ರಾತ್ರಿಯ ಊಟಕ್ಕೆ ಅವರಿಗೆ ಇಷ್ಟವಾದ ಕುರಿಕಾಲಿನ ಪಾಯಾ ಮಾಡಿದ್ದರೂ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ.

ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ವಾಹಿದಾ ಪೂರಿಯ ತಟ್ಟೆ ಪಕ್ಕಕ್ಕೆ ಸರಿಸಿ ಪೆನ್ನು ತೆಗೆದರು. "ನಾಯಕನನ್ನ ತೆಗೆಯೋದಕ್ಕೆ ನಿಮ್ಮ ಮೇಲೆ ಒತ್ತಡ ಇತ್ತಾ?"

"ಬೇಗಂ, ಹಲ್ವಾ ಕೊಡು."

"ಸಂಪಾದಕಿ ಕೇಳ್ತಿದ್ದಾಳೆ."

"ಹಾಗಾದ್ರೆ ಮಂಡಳಿ ವಕ್ತಾರನ್ನ ಕೇಳು."

ವಾಹಿದಾ ಎದ್ದು ಹೋಗಲಿಲ್ಲ. ಅಲ್ಲೇ ಕೂತು ವಕ್ತಾರನಿಗೆ ಫೋನು ಹಚ್ಚಿದರು. ಆ ಪಾಪದವನು ಅಧ್ಯಕ್ಷರನ್ನು ಕೇಳಿ ಹೇಳುತ್ತೇನೆಂದ. ಮರುಕ್ಷಣ ಕಿರ್ಮಾನಿಯವರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಗಂಡ ಹೆಂಡಿರಿಬ್ಬರೂ ಅದು ನಿಲ್ಲುವವರೆಗೆ ಒಬ್ಬರನ್ನೊಬ್ಬರು ನೋಡುತ್ತ ಕೂತರು.

"ಅಧ್ಯಕ್ಷರು ಫೋನ್ ಎತ್ತುತ್ತಿಲ್ಲ ಅಂತ ಬರೀಲಾ?" ಎಂದರು ವಾಹಿದಾ, ಹಲ್ವಾದ ಬಟ್ಟಲನ್ನು ಗಂಡನ ಕಡೆ ನೂಕುತ್ತ.

ಪತ್ರಿಕೆ ಅಚ್ಚಿಗೆ ಹೋಗುವುದು ಬುಧವಾರ ಸಂಜೆ. ಆ ಬುಧವಾರ ಮಧ್ಯಾಹ್ನ 'ಚೌಬಾರಾ'ದಿಂದ ಅಧ್ಯಕ್ಷರ ಕಚೇರಿಗೆ ಸಂಪಾದಕೀಯದ ಪ್ರತಿ ಬಂತು. ಯಾರ ವಿರುದ್ಧ ಬರೆಯುತ್ತೇವೋ ಅವರಿಗೆ ಮೊದಲು ತೋರಿಸಿ ಉತ್ತರಕ್ಕೆ ಅವಕಾಶ ಕೊಡಬೇಕೆಂಬುದು ಕಿರ್ಮಾನಿಯವರೇ ಮಾಡಿದ ನಿಯಮ. ಬರೆದಿದ್ದವನು ಸಹ ಸಂಪಾದಕ ಅಂಜುಮ್ ಸಿದ್ದೀಕಿ. ಇಪ್ಪತ್ತು ವರ್ಷ ಕಿರ್ಮಾನಿಯವರ ಕೈಕೆಳಗೆ ಪಳಗಿದ ದಪ್ಪನೆಯ, ಅಂಜುಬುರುಕ ಮನುಷ್ಯ.

ಓದುತ್ತ ಓದುತ್ತ ಕಿರ್ಮಾನಿಯವರ ಕಿವಿ ಕೆಂಪಾಯಿತು. ಕಾರು ತರಿಸಿ ನೇರವಾಗಿ ಟೆಂಪಲ್ ರಸ್ತೆಗೆ ಹೊರಟರು. ಮಹಡಿ ಹತ್ತಿ, ಏದುಸಿರು ಬಿಡುತ್ತ, ಹಾಳೆಗಳನ್ನು ಅಂಜುಮ್‌ನ ಮೇಜಿನ ಮೇಲೆ ಬಡಿದರು.

"ಇದನ್ನ ನೀನು ಬರೆದಿದ್ದಾ?"

ಅಂಜುಮ್ ಎದ್ದು ನಿಂತ. ಒಳಕೋಣೆಯಿಂದ ವಾಹಿದಾ ಬಂದು ಬಾಗಿಲಿಗೆ ಒರಗಿದರು. "ಬೆದರಿಸೋಕೆ ಬಂದ್ರಾ, ಅಧ್ಯಕ್ಷರೇ?"

"ಒಂದೇ ಪ್ಯಾರಾದಲ್ಲಿ ಮೂರು ಸಲ 'ಖಂಡನೀಯ'!" ಕಿರ್ಮಾನಿ ಹಾಳೆಯನ್ನು ಎತ್ತಿ ಆಡಿಸಿದರು. "ಮೂರು ಸಲ! ಓದುಗ ಮೊದಲನೇದಕ್ಕೇ ನಿದ್ದೆ ಹೋಗ್ತಾನೆ. ನನ್ನನ್ನ ಬಯ್ಯೋದಾದ್ರೆ ಎಚ್ಚರ ಆಗೋ ಹಾಗೆ ಬೈಬೇಕಪ್ಪಾ! ಇದನ್ನೇನಾ ನಾನು ನಿನಗೆ ಕಲಿಸಿದ್ದು?"

"ತಪ್ಪಾಯ್ತು, ಉಸ್ತಾದ್..."

"ಆ ಕಡೆ ಸರಿ."

ಕಿರ್ಮಾನಿ ಅಂಜುಮ್‌ನ ಕುರ್ಚಿಯಲ್ಲೇ ಕೂತು ಕೆಂಪು ಪೆನ್ನು ತೆಗೆದುಕೊಂಡರು. ಕೆಳಗಿನ ಅಂಗಡಿಯಿಂದ ಬರುತ್ತಿದ್ದ ಜಿಲೇಬಿಯ ಪರಿಮಳದಲ್ಲಿ, ತಮ್ಮದೇ ಮಾನ ಕಳೆಯುವ ಲೇಖನವನ್ನು ತಿದ್ದತೊಡಗಿದರು. 'ಖಂಡನೀಯ'ಗಳು ಹಾರಿಹೋದವು. ಪೀಠಿಕೆ ಹೋಯಿತು. "ಅಧ್ಯಕ್ಷರು ಸ್ವಲ್ಪ ಮಟ್ಟಿಗೆ ಎಡವಿದ್ದಾರೆ" ಎಂದಿದ್ದದ್ದು "ಅಧ್ಯಕ್ಷರು ಬಾಗಿದ್ದಾರೆ" ಎಂದಾಯಿತು. ಅಂಜುಮ್‌ನ ಮೊಂಡು ಚಾಕು ಅವರ ಕೈಯಲ್ಲಿ ಸಾಣೆ ಹಿಡಿಸಿಕೊಳ್ಳುತ್ತಿತ್ತು. ಎಷ್ಟೋ ತಿಂಗಳಿಂದ ಅವರ ಮುಖದಲ್ಲಿ ಕಾಣದಿದ್ದ ಸಂತೋಷ ಈಗ ಕಾಣಿಸಿತು. ವಾಹಿದಾ ಚಹಾ ತರಿಸಿದರು.

ಕೊನೆಯ ಪ್ಯಾರಾಕ್ಕೆ ಬಂದಾಗ ಕಿರ್ಮಾನಿ ಮತ್ತೆ ಸಿಡಿದರು. "'ಮೇಲಿನಿಂದ ಒತ್ತಡ ಬಂದಿತ್ತೆಂದು ಹೇಳಲಾಗುತ್ತಿದೆ.' ಹೇಳಲಾಗುತ್ತಿದೆ! ಯಾರು ಹೇಳಿದ್ದು? ಮೇಲೆ ಅಂದ್ರೆ ಎಲ್ಲಿ, ಛಾವಣೀಲಾ? ಎಷ್ಟು ಸಲ ಹೇಳಿದ್ದೀನಿ, ಹೆಸರಿಲ್ಲದ ಮಾತು ನನ್ನ ಪತ್ರಿಕೇಲಿ ಬರಕೂಡದು ಅಂತ?"

ಅಂಜುಮ್ ಕೈ ಕಟ್ಟಿಕೊಂಡು, ಪ್ರಾಮಾಣಿಕವಾಗಿ, ಶಿಷ್ಯನ ಹಾಗೆ ಕೇಳಿದ: "ಯಾರ ಹೆಸರು ಹಾಕ್ಲಿ, ಉಸ್ತಾದ್?"

ಕೆಂಪು ಪೆನ್ನು ನಿಂತಿತು.

ಆ ಫೋನಿನ ಮಾತು ಕೇಳಿದ್ದವರು ಇಬ್ಬರೇ. ಒಬ್ಬರು ಇಸ್ಲಾಮಾಬಾದಿನಲ್ಲಿದ್ದರು. ಆ ಸಾಲನ್ನು ಹಾಗೇ ಬಿಟ್ಟು ಎದ್ದು ಹೋಗಬಹುದಿತ್ತು. ಕಾರು ಕೆಳಗೇ ಕಾಯುತ್ತಿತ್ತು. ಆದರೆ ಉಳಿದೆಲ್ಲ ಸಾಲುಗಳು ಅಷ್ಟು ಚೆನ್ನಾಗಿ ಬಂದಮೇಲೆ ಕೊನೆಗೆ ಬಂದು 'ಹೇಳಲಾಗುತ್ತಿದೆ' ಎಂದು ಬಿಡುವುದು ಹೇಗೆ? ಯಾವ ಬರಹಗಾರನಾದರೂ ತಮ್ಮ ಬಳಿಗೆ ಇಂಥ ಸಾಲು ತಂದಿದ್ದರೆ ಅವನಿಗೆ ತಾವು ಏನು ಹೇಳುತ್ತಿದ್ದೆವು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೇಡಿ ಎನ್ನುತ್ತಿದ್ದರು.

"ಬರ್ಕೋ," ಎಂದರು. "ಮಂತ್ರಿ ಮಲಿಕ್ ಜಹಾಂಜೇಬ್ ಫೋನು ಮಾಡಿದ್ರು. ಅಧ್ಯಕ್ಷ ಸಫ್ದರ್ ಕಿರ್ಮಾನಿ ತಲೆ ಆಡಿಸಿದ್ರು. ಇದನ್ನ ಪತ್ರಿಕೆಗೆ ಹೇಳಿದ್ದು ಖುದ್ದು ಕಿರ್ಮಾನಿ."

ವಾಹಿದಾ ಬಾಗಿಲು ಬಿಟ್ಟು ಹತ್ತಿರ ಬಂದರು. ಧ್ವನಿಯಲ್ಲಿ ತಮಾಷೆ ಇರಲಿಲ್ಲ. "ರೀ, ಇದನ್ನ ಯೋಚನೆ ಮಾಡಿ ಹೇಳ್ತಿದ್ದೀರಾ?"

"ಯೋಚನೆ ಮಾಡಿದ್ರೆ ಹೇಳೋಕಾಗಲ್ಲ."

"ನಾಳೆ ಕುರ್ಚಿ ಹೋಗುತ್ತೆ."

"ಬಹಳ ಮೆತ್ತಗಿತ್ತು ಅದು. ಬೆನ್ನು ನೋವು ಶುರುವಾಗಿತ್ತು."

ಹೊರಡುವ ಮೊದಲು ಅವರು ಅಲ್ಲಿಂದಲೇ ತಲ್ಹಾನಿಗೆ ಫೋನು ಮಾಡಿದರು. "ಮಗಾ, ತಪ್ಪು ನಂದು. ಮತ್ತೆ ನೀನೇ ನಾಯಕ, ಈಗಲೇ ಹೇಳಿಕೆ ಕಳಿಸ್ತಿದ್ದೀನಿ."

"ನನಗೆ ವಿಶ್ರಾಂತಿ ಅಂತ ಹೇಳಿದ್ರಲ್ಲ ಸರ್? ಅಮ್ಮ ಆಗಲೇ ನನ್ನನ್ನ ನೋಡೋಕೆ ಮೂರು ಊರಿನ ನೆಂಟರನ್ನ ಕರೆದಿದ್ದಾಳೆ."

"ವಿಶ್ರಾಂತಿ ನನಗೆ ಬಂತು. ನೀನು ನೆಟ್ಸ್‌ಗೆ ಹೋಗು."

ಪತ್ರಿಕೆ ಹೊರಬಿದ್ದ ದಿನ ಮಧ್ಯಾಹ್ನದೊಳಗೆ ಪ್ರತಿಗಳು ಮುಗಿದವು. ಮಂತ್ರಿಗಳ ಫೋನು ಬಂತು. ಈ ಸಲ ಅಕ್ಕರೆ ಇರಲಿಲ್ಲ.

"ಯಾರ್ರೀ ಅದನ್ನ ಬರೆದಿದ್ದು?"

"ಬರೆದಿದ್ದು ಅಂಜುಮ್ ಸಿದ್ದೀಕಿ. ತಿದ್ದಿದ್ದು ನಾನು."

"ನಿಮ್ಮ ಹೆಂಡ್ತೀನ ಹಿಡಿತದಲ್ಲಿ ಇಟ್ಕೊಳೋಕೆ ಆಗಲ್ವಾ ನಿಮಗೆ?"

"ಮಲಿಕ್ ಸಾಹೇಬ್ರೇ, ನನ್ನನ್ನೇ ಹಿಡಿತದಲ್ಲಿ ಇಟ್ಕೊಳೋಕೆ ನಿಮಗಾಗ್ಲಿಲ್ಲ. ಅವಳು ನನಗಿಂತ ಬಹಳ ಗಟ್ಟಿ."

ವಾರ ಮುಗಿಯುವ ಮೊದಲೇ ಕಿರ್ಮಾನಿಯವರ ಕುರ್ಚಿ ಹೋಯಿತು. ಅದರಲ್ಲಿ ಸಕ್ಕರೆ ಕಾರ್ಖಾನೆಯ ಮಾಲೀಕರೊಬ್ಬರು ಬಂದು ಕೂತರು. ತಲ್ಹಾನನ್ನು ಮುಟ್ಟುವ ಧೈರ್ಯ ಅವರಿಗೆ ಬರಲಿಲ್ಲ. ಚಹಾದಂಗಡಿಗಳಲ್ಲೆಲ್ಲ ಮಂತ್ರಿಗಳ ಬೌಲಿಂಗಿನದೇ ಮಾತಾಗಿತ್ತು.

ಕಿರ್ಮಾನಿ ಕೋಟು ತೊಟ್ಟು 'ಚೌಬಾರಾ'ಕ್ಕೆ ಹೋಗಿ, ತಮ್ಮ ಹಳೆಯ ಕೋಣೆಯ ಬಾಗಿಲು ತಳ್ಳಿದರು. ಒಳಗೆ ವಾಹಿದಾ ಕೂತಿದ್ದರು.

"ಸಂಪಾದಕರ ಹುದ್ದೆ ಖಾಲಿ ಇಲ್ಲ," ಎಂದರು ತಲೆಯೆತ್ತದೆ. "ಕ್ರೀಡಾ ಪುಟಕ್ಕೆ ಒಬ್ಬರು ಬೇಕು. ಅನುಭವ ಇದೆಯಾ?"

"ಹನ್ನೆರಡನೇ ಆಟಗಾರನಾಗಿ ಮೂರು ವರ್ಷ."

"ಸಾಕು. ಅಂಜುಮ್‌ಗೆ ತೋರಿಸಿ ಕೊಡಿ, ಅವನು ತಿದ್ತಾನೆ."

ಫೆಬ್ರವರಿಯ ಟೆಸ್ಟಿಗೆ ಅತಿಥಿ ಪಾಸು ಬರಲಿಲ್ಲ. ಗಂಡ ಹೆಂಡತಿ ಸಾಲಿನಲ್ಲಿ ನಿಂತು ಟಿಕೆಟ್ ಕೊಂಡು, ಸಾಮಾನ್ಯರ ಸ್ಟ್ಯಾಂಡಿನಲ್ಲಿ ಕೂತರು. ಹನ್ನೊಂದು ಗಂಟೆಗೆಲ್ಲ ಬಿಸಿಲು ನೆತ್ತಿಗೆ ಹತ್ತಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ಬಟ್ಟೆ ವ್ಯಾಪಾರಿಯೊಬ್ಬರು ಬಗ್ಗಿ ನೋಡಿ ಗುರುತು ಹಿಡಿದರು.

"ಅರೇ, ಕಿರ್ಮಾನಿ ಸಾಹೇಬ್ರಾ! ನೀವು ಇಲ್ಲಿ? ಅಧ್ಯಕ್ಷರಾಗಿದ್ದಾಗ ಈ ಕಡೆಗೊಂದು ನೆರಳು ಹಾಕಿಸೋದು ಮರೆತುಬಿಟ್ರಲ್ಲ ಸ್ವಾಮಿ!"

ಸಾಲಿಗೆ ಸಾಲೇ ನಕ್ಕಿತು. ಇನ್ನೊಬ್ಬ, "ಬಿಡಿ ಚಾಚಾ, ಅವರು ಎಂದಾದ್ರೂ ಈ ಕಡೆ ಕೂತಿದ್ರೆ ತಾನೇ ಬಿಸಿಲಿರೋದು ಗೊತ್ತಾಗೋದು?" ಎಂದ.

ವಾಹಿದಾ ಕಿನ್ನೋ ಕಿತ್ತಳೆ ಸುಲಿದು ತೊಳೆಗಳನ್ನು ಹಿಂದಿನ ಸಾಲಿಗೂ ಹಂಚುತ್ತ, "ಹೇಳಿ, ಇನ್ನೂ ಹೇಳಿ. ಇವರ ಮುಂದಿನ ವಾರದ ಅಂಕಣಕ್ಕೆ ವಿಷಯ ಇರಲಿಲ್ಲ" ಎಂದರು.

ಕಿರ್ಮಾನಿ ಕರ್ಚೀಫನ್ನು ತಲೆಗೆ ಕಟ್ಟಿಕೊಂಡು ವ್ಯಾಪಾರಿಯ ಕಡೆ ತಿರುಗಿದರು. "ನಿಮ್ಮ ಹೆಸರೇನು ಹೇಳಿದ್ರಿ? ಹೆಸರು ಹಾಕದೆ ನಾನು ಬರೆಯೋದಿಲ್ಲ."

ಅಷ್ಟರಲ್ಲಿ ಸ್ಲಿಪ್ಪಿನಲ್ಲಿ ತಲ್ಹಾ ಗೊಂಡಲ್ ಸುಲಭದ ಕ್ಯಾಚೊಂದನ್ನು ಕೈಚೆಲ್ಲಿದ. ಇಡೀ ಸ್ಟ್ಯಾಂಡು ಎದ್ದು ನಿಂತು ಅವನನ್ನು ಬೈಯಿತು. ಎಲ್ಲರಿಗಿಂತ ಗಟ್ಟಿಯಾಗಿ, ಸೊಗಸಾದ ಉರ್ದುವಿನಲ್ಲಿ ಬೈದವರು ಕಿರ್ಮಾನಿಯವರು.