ಎಡಗಡೆಯ ಕಿಟಕಿ

ಹದಿನಾಲ್ಕು, ಎದೆಯ ಮೇಲಿನ ಹಳದಿ ಚೀಟಿಯ ಅಂಚು ಗಾಳಿಗೆ ಎದ್ದು ಪಟಪಟ ಎನ್ನುತ್ತಿದೆ, ಫಿಲೋಮೆನ್ ಹೆಬ್ಬೆರಳಿನಿಂದ ಒತ್ತಿ ಕೂರಿಸಿದಳು, ಮತ್ತೆ ಎದ್ದಿತು, ಬೆಳಿಗ್ಗೆ ಪ್ರವಾಸಿ ಹಡಗಿನವರು ಎಲ್ಲರ ಎದೆಗೂ ಅಂಟಿಸಿದ್ದು, ಹದಿನಾಲ್ಕನೇ ವ್ಯಾನಿನವರು ದಾರಿ ತಪ್ಪದಿರಲಿ ಎಂದು — ದಾರಿ ತಪ್ಪುವುದು, ಹುಟ್ಟಿದ ದ್ವೀಪದ ಈ ರೋಸೋ ಪೇಟೆಯಲ್ಲಿ, ಕಣ್ಣು ಕಟ್ಟಿ ಬಿಟ್ಟರೂ ಮೂಗಿನ ಗುರುತಿನಲ್ಲೇ ಮೀನಿನ ಕಟ್ಟೆಗೆ ಹೋಗಿ ನಿಲ್ಲಬಲ್ಲವಳು ತಾನು, ಆದರೂ ಚೀಟಿ ಇರಲಿ, ಚೀಟಿ ಒಳ್ಳೆಯದು, ಚೀಟಿ ಇದ್ದವರನ್ನು ಯಾರೂ ನೀನು ಯಾರ ಮಗಳು ಎಂದು ಕೇಳುವುದಿಲ್ಲ, ನೋಡು ಫಿಲೋ, ನಿನ್ನ ದೇಶ, ಒಂದಿನ ಕರ್ಕೊಂಡು ಬರ್ತೀನಿ ಅಂದಿರ್ಲಿಲ್ವಾ ಎಂದು ಪಕ್ಕದಲ್ಲಿ ಗಂಡ ವಿಂಟನ್, ಅರವತ್ತು ತುಂಬಿದ ಖುಷಿಗೆ ಕೊಂಡ ಹೂವಿನ ಅಂಗಿ, ಮೂವತ್ತು ವರ್ಷ ಟೊರಾಂಟೊದಲ್ಲಿ ಬಸ್ಸು ಓಡಿಸಿದವನಿಗೆ ಬೇರೆಯವರು ಓಡಿಸುವ ಗಾಡಿಯಲ್ಲಿ ಕೂರುವುದೇ ಒಂದು ಸಂಭ್ರಮ, ಒಳ್ಳೆಯ ಮನುಷ್ಯ, ಅದೇ ಕಷ್ಟ, ಕೆಟ್ಟವನಾಗಿದ್ದರೆ ಎಂದೋ ಹೇಳಿಬಿಡಬಹುದಿತ್ತು. ಅವನು ಟಿಕೆಟ್ಟು ತೋರಿಸಿದ ದಿನದಿಂದ ಅವಳು ಲೆಕ್ಕ ಹಾಕಿದ್ದು ಒಂದೇ, ವ್ಯಾನು ಉತ್ತರಕ್ಕೆ ಹೋಗುತ್ತದೆ, ಎಡಕ್ಕೆ ಕಡಲು, ಬಲಕ್ಕೆ ಗುಡ್ಡ, ಗುಡ್ಡದ ಬುಡದಲ್ಲಿ ಮಹೋ ಹಳ್ಳಿ, ಮಹೋದ ತಿರುವಿನಲ್ಲಿ ಆ ಮನೆ, ಹಾಗಾಗಿ ಬಾಗಿಲು ತೆರೆದದ್ದೇ ಎಲ್ಲರಿಗಿಂತ ಮೊದಲು ಹತ್ತಿ ಎಡಗಡೆಯ ಕಿಟಕಿ ಹಿಡಿದಳು, ಅರೆ, ಹುಡುಗಿ ಥರ ಓಡ್ತೀಯಲ್ಲೇ ಎಂದು ವಿಂಟನ್ ನಕ್ಕ. ನಾಲ್ಕೂವರೆಗೆ ಎಲ್ಲರೂ ಹಡಗಿನಲ್ಲಿರಬೇಕು.

ಚಾಲಕ ಮೂವತ್ತರ ಆಸುಪಾಸಿನವನು, ಹೆಸರು ಅಲೆಕ್ಸಿಸ್ ಅಂದಿದ್ದ, ಬಾಯಿ ಸುಮ್ಮನಿರುವ ಜಾತಿಯಲ್ಲ, ಕಿಟಕಿಯಾಚೆ ಯಾರನ್ನೋ ಕಂಡು ಊರಿನ ಪಟ್ವಾ ಭಾಷೆಯಲ್ಲಿ ಕೂಗುತ್ತಾನೆ, ಇವತ್ತು ಎಲ್ಲಾ ಮುದಿ ಮಾಲೇ ಕಣೋ, ಎರಡನೇ ಸೀಟಲ್ಲಿ ಒಬ್ಳಿದಾಳೆ, ಮೂತಿ ನೋಡಿದ್ರೆ ನಮ್ಮೋಳೇ, ಗತ್ತು ಮಾತ್ರ ದೊರೆಸಾನಿದು — ಅವಳಿಗೆ ಅಕ್ಷರ ಅಕ್ಷರ ಅರ್ಥವಾಯಿತು, ನಗು ಗಂಟಲಿಗೆ ಬಂತು, ನುಂಗಿದಳು, ನಿನ್ನಜ್ಜಿಗೆ ಹೇಳು ದೊರೆಸಾನಿ ಅಂತ ಎಂದು ಅದೇ ಭಾಷೆಯಲ್ಲಿ ತಿರುಗಿಸಿ ಕೊಡಲು ನಾಲಿಗೆ ತುರಿಸಿತು, ಏನಂತಾನೆ ಅವನು ಎಂದು ವಿಂಟನ್ ಕೇಳುತ್ತಾನೆ, ಮರೆತುಹೋಗಿದೆ ಅಂದಳು, ಚಿಕ್ಕವಳಿದ್ದಾಗಿನ ಮಾತು. ಕಡಲು ನೀಲಿ, ಅದರಾಚೆ ಇನ್ನೂ ನೀಲಿ, ಅವಳು ಅದನ್ನೇ ನೋಡುತ್ತಾಳೆ, ಬೆನ್ನಿಗೆ ಮಾತ್ರ ಎಲ್ಲ ಗೊತ್ತಾಗುತ್ತಿದೆ, ಈಗ ಸೇತುವೆ, ಈಗ ಇಳಿಜಾರು, ಈಗ ಶಾಲೆ, ಈಗ — ಕಡಲನ್ನು ನೋಡು ಫಿಲೋಮೆನ್, ಕಡಲನ್ನು — ಬೇಕರಿಯ ವಾಸನೆ ಬಂತು ಹೋಯಿತು, ದಾಟಿತು. ಒಂದೇ ಒಂದು ಮಾತಿನಿಂದ ಆದದ್ದು ಇದೆಲ್ಲ, ಟೊರಾಂಟೊದ ಚರ್ಚಿನ ಊಟದಲ್ಲಿ ಅನ್ನದ ಸಾಲಿನಲ್ಲಿ ಪ್ಲೇಟು ಹಿಡಿದು ಹಿಂದೆ ನಿಂತವನು, ಇದೇ ವಿಂಟನ್, ಹೇಳಿದ, ಬೇರೆಯೋರ ಮಕ್ಕಳನ್ನ ಸಾಕೋ ತಾಕತ್ತು ನಂಗಿಲ್ಲಮ್ಮ, ಮೊದಲ್ನೇ ಮದುವೇಲಿ ಸಾಕಾಯ್ತು, ನಿಮಗೆ ಮಕ್ಕಳು? ಇಲ್ಲ ಅಂದಳು. ಅಷ್ಟೇ. ಹಸಿವಾಗಿತ್ತು, ಸಾಲು ಮುಂದೆ ಸರಿಯಿತು, ಮತ್ತೊಂದು ದಿನ ಅಪ್ಪ ಅಮ್ಮ? ಎಂದ, ಡೇವಿಡ್ ಬಿರುಗಾಳಿಯಲ್ಲಿ ಎಲ್ಲ ಹೋದರು ಅಂದಳು, ಅವನ ಕಣ್ಣಲ್ಲಿ ನೀರು ಬಂತು, ಕಣ್ಣೀರು ಸುರಿಸಿದವನ ಮುಂದೆ ಸುಳ್ಳನ್ನು ವಾಪಸು ತೆಗೆದುಕೊಳ್ಳುವುದು ಹೇಗೆ, ಇಪ್ಪತ್ತೆರಡು ವರ್ಷವಾಯಿತು. ಮಗಳು ಜೋಸೆಟ್ ಆಗ ಹನ್ನೆರಡರವಳು, ಅದಕ್ಕೂ ಒಂಬತ್ತು ವರ್ಷ ಮೊದಲು ಮೂರು ವರ್ಷದವಳನ್ನು ಅಕ್ಕ ಅಗಾಥಾಳ ಸೊಂಟದ ಮೇಲೆ ಬಿಟ್ಟು ವಿಮಾನ ಹತ್ತಿದ್ದು, ಆರು ತಿಂಗಳಿಗೆ ಕರೆಸ್ಕೊತೀನಿ ಅಕ್ಕಾ ಎಂದು, ಆರು ತಿಂಗಳು.

ಕರೆಸಿಕೊಳ್ಳಲಾಗದವರು ಡ್ರಮ್ಮು ಕಳಿಸುತ್ತಾರೆ, ಹೊರಗೆ ದುಡಿಯುವವರೆಲ್ಲ ಮಾಡುವುದು ಅದನ್ನೇ, ಎದೆಮಟ್ಟದ ನೀಲಿ ಪ್ಲಾಸ್ಟಿಕ್ ಡ್ರಮ್ಮು, ಅಡಿಯಲ್ಲಿ ಅಕ್ಕಿ, ಮೇಲೆ ಎಣ್ಣೆ ಸೋಪು ಡಬ್ಬಿಮಾಂಸ, ಸಂದುಗಳಲ್ಲಿ ಪೆನ್ಸಿಲ್ಲು ರಿಬ್ಬನ್ನು, ಕೊನೆಗೆ ಬೂಟು, ಬಿಳಿ ಪೇಂಟಿನಲ್ಲಿ ಕಳಿಸುವವರ ಹೆಸರು, ಅಕ್ಟೋಬರಿನಲ್ಲಿ ಹಡಗಿಗೆ ಹಾಕಿದರೆ ಕ್ರಿಸ್‌ಮಸ್‌ಗೆ ಸರಿಯಾಗಿ ತಲುಪುತ್ತದೆ. ಬೂಟಿಗಾಗಿ ಅಗಾಥಾ ಪ್ರತಿವರ್ಷ ಜೋಸೆಟ್‌ಳ ಪಾದವನ್ನು ಬ್ರೆಡ್ಡು ಸುತ್ತಿ ಬಂದ ಕಂದು ಕಾಗದದ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು ಕಳಿಸುತ್ತಿದ್ದಳು, ಹಿಮ್ಮಡಿ ದುಂಡಗೆ, ಹೆಬ್ಬೆರಳಿಗಿಂತ ಪಕ್ಕದ ಬೆರಳು ಒಂದು ಚೂರು ಉದ್ದ, ಅಮ್ಮನದೂ ಹಾಗೇ, ತನ್ನದೂ ಹಾಗೇ, ಅವಳು ಕಾಗದ ಕತ್ತರಿಸಿ ಅಂಗಡಿಗೆ ಹೋಗಿ ಬೂಟಿನೊಳಗೆ ತುರುಕಿ ನೋಡುತ್ತಿದ್ದಳು, ಮತ್ತೆ ಒಂದು ಸೈಜು ದೊಡ್ಡದೇ ಕೊಳ್ಳುತ್ತಿದ್ದಳು, ಡ್ರಮ್ಮು ಕಡಲಿನಲ್ಲಿರುವಾಗಲೂ ಮಕ್ಕಳ ಕಾಲು ಬೆಳೆಯುತ್ತದೆ. ಒಂಬತ್ತು ಕಾಗದ. ಒಂಬತ್ತನೆಯದು ವಿಂಟನ್‌ನನ್ನು ಮದುವೆಯಾದ ವಾರದಲ್ಲಿ ಬಂತು, ಈ ಸಲ ಬಿಳಿ ಬೂಟು ಬೇಕಂತೆ ಕಣೇ, ಚರ್ಚಿನಲ್ಲಿ ದೃಢೀಕರಣ ಸಂಸ್ಕಾರ ಇದೆ, ಬಿಳೀದೇ ಬೇಕು ಅಂತ ಕೂತಿದ್ದಾಳೆ ಎಂದು ಅಗಾಥಾಳ ಅಕ್ಷರ, ಕೊಂಡಳು, ಕೊಂಡದ್ದು ನಿಜ, ಬೀರುವಿನ ಮೇಲೆ ಸೂಟ್‌ಕೇಸಿನ ಹಿಂದೆ ಇಟ್ಟದ್ದೂ ನಿಜ, ಹೊಸ ಗಂಡನ ಮನೆಯಲ್ಲಿ ಡ್ರಮ್ಮು ತುಂಬುವುದು ಹೇಗೆ, ಯಾರಿಗೆ ಅಂತ ಹೇಳುವುದು, ನಾಲ್ಕು ವರ್ಷದ ಮೇಲೆ ಚರ್ಚಿನ ದಾನದ ಪೆಟ್ಟಿಗೆಗೆ ಹಾಕಿದಳು. ಯಾವ ಮಗುವೋ ಹಾಕಿಕೊಂಡಿರುತ್ತದೆ.

ಮೆರೋ ತೀರದ ಮರಳು ಕಪ್ಪು, ಕಾಲು ಚುರುಗುಟ್ಟುತ್ತದೆ, ವಿಂಟನ್ ಎರಡು ಲೋಟ ರಮ್ಮು ಏರಿಸಿ ನೀರಿನಲ್ಲಿ ಎಮ್ಮೆಯ ಹಾಗೆ ಬಿದ್ದುಕೊಂಡಿದ್ದಾನೆ, ಬಾರೇ ಎಂದು ಕರೆಯುತ್ತಾನೆ, ಅವಳು ದಡದಲ್ಲೇ ಕರಿದ ಮೀನು ತಿಂದಳು, ಅದೇ ರುಚಿ, ರುಚಿಗೆ ನಾಚಿಕೆ ಇಲ್ಲ. ನಿನ್ ಮನೆ ಎಲ್ಲಿತ್ತು, ಜಾಗ ಆದ್ರೂ ತೋರ್ಸು, ಒಂದು ಹೂವಿಟ್ಟು ಬರೋಣ ಎಂದು ಒದ್ದೆ ಕೈ ಅವಳ ಮಂಡಿಯ ಮೇಲಿಟ್ಟು ಕೇಳಿದ, ಗುರುತು ಸಿಗಲ್ಲ ಬಿಡು ಅಂದಳು, ಎಲ್ಲಾ ಬದಲಾಗಿದೆ. ಎರಡು ವರ್ಷದ ಹಿಂದೆ ಮರಿಯಾ ಬಿರುಗಾಳಿ ಬಡಿದಾಗ ಇದೇ ವಿಂಟನ್ ಟಿವಿ ಮುಂದೆ ಕೂತು ಪಾಪ ಪಾಪ ಎನ್ನುತ್ತಿದ್ದ, ಆಮೇಲೆ ಚರ್ಚಿನಲ್ಲಿ ಯಾರೋ ಊರಿನವರು ಅವಳನ್ನು ಬದಿಗೆ ಕರೆದು ಹೇಳಿದರು, ಅಗಾಥಾ ತೀರಿಹೋದಳಂತೆ, ಅವಳು ಸಾಕಿದ ಆ ಹುಡುಗಿ ಅದೇ ಜಾಗದಲ್ಲಿ ಮನೆ ಎಬ್ಬಿಸ್ತಿದ್ದಾಳಂತೆ, ಒಬ್ಬಳೇ. ಹೌದಾ ಅಂದಳು. ಆಮೇಲೆ ಕಾಫಿ ಕುಡಿದಳು. ಅಲೆಕ್ಸಿಸ್ ಹಾರ್ನು ಒತ್ತಿದ, ನಡೀರಿ ನಡೀರಿ, ಹಡಗು ನಮ್ಮಪ್ಪಂದಲ್ಲ ಕಾಯಕ್ಕೆ, ಎಲ್ಲರೂ ಟವೆಲ್ಲು ಕೊಡವಿ ಅವರವರ ಸೀಟಿನಲ್ಲೇ ಕೂತರು, ಅವಳೂ ತನ್ನ ಸೀಟಿನಲ್ಲಿ, ಎಡಗಡೆಯ ಕಿಟಕಿ.

ವ್ಯಾನು ರಸ್ತೆಗೆ ತಿರುಗಿದ ಮೇಲೆ ತಿಳಿಯಿತು, ಕಡಲು ಆಚೆ ಬದಿಗೆ ಹೋಗಿದೆ. ತನ್ನ ಮೂಗಿನ ಮುಂದೆ ಗುಡ್ಡ. ಹದಿನೈದು ದಿನ ಲೆಕ್ಕ ಹಾಕಿದವಳು ಹೋಗುವುದನ್ನಷ್ಟೇ ಲೆಕ್ಕ ಹಾಕಿದ್ದಳು, ಬರುವುದನ್ನು ಮರೆತಿದ್ದಳು, ಹೋಗುವವರ ಬುದ್ಧಿಯೇ ಇಷ್ಟು, ಈ ಕಡೆ ಬಿಸಿಲು ಕಣೋ, ಸೀಟು ಬದಲಾಯಿಸೋಣ್ವಾ ಅಂದಳು, ಬಿಸಿಲು ಆ ಕಡೆ ಕಣೇ, ನಿಂದು ನೆರಳು, ಸುಮ್ನೆ ಕೂತ್ಕೊ ಎಂದು ವಿಂಟನ್. ಬೇಕರಿಯ ವಾಸನೆ. ಕಣ್ಣು ಮುಚ್ಚಬಹುದು, ಮುಚ್ಚುವುದಿಲ್ಲ. ತಿರುವಿನಲ್ಲಿ ಲಾರಿಯೊಂದು ಅಡ್ಡ ನಿಂತು ತಗಡಿನ ಹಾಳೆ ಇಳಿಸುತ್ತಿದೆ, ವ್ಯಾನು ನಿಂತಿತು, ನಿಂತದ್ದು ಅಲ್ಲೇ, ಎರಡು ಮಾರು ದೂರ, ಕೆಂಪು ತಗಡಿನ ಹೊಸ ಸೂರು, ಸೂರಿನ ಅಂಚಿಗೆ ಮಳೆನೀರಿನ ದೋಣಿ, ದೋಣಿಯ ಕೆಳಗೆ ನೀಲಿ ಡ್ರಮ್ಮು, ಡ್ರಮ್ಮಿನ ಹೊಟ್ಟೆಯ ಮೇಲೆ ಬಿಳಿ ಪೇಂಟು. ನೋಡೇ, ನಿನ್ನ ಹೆಸರಿದೆ ಎಂದು ವಿಂಟನ್ ಅವಳ ಮೇಲೆ ಬಾಗಿ ಬೆರಳು ತೋರಿಸಿ ಮಗುವಿನಂತೆ ಓದಿದ, ಫಿ, ಲೋ, ಮೆ, ಮುಂದೆ ಅಳಿಸಿಹೋಗಿದೆ, ಆ ಡ್ರಮ್ಮಾ ಸಾರ್ ಎಂದು ಅಲೆಕ್ಸಿಸ್ ತಿರುಗಿದ, ಹೊರದೇಶದಿಂದ ಬರೋದು, ಸಾಮಾನು ಖಾಲಿ ಆದ್ಮೇಲೆ ನೀರಿಗೆ, ಮರಿಯಾಕ್ಕೆ ಮನೆ ಮನೇನೇ ಹಾರೋಯ್ತು, ಡ್ರಮ್ಮು ಹೋಗಿ ಹಳ್ಳದಲ್ಲಿ ಕೂತಿತ್ತು, ಈ ಮನೆಯಮ್ಮ ಉರುಳಿಸ್ಕೊಂಡು ಬಂದ್ಲು, ಕಳಿಸಿದೋರು ಮಾತ್ರ ಪತ್ತೆ ಇಲ್ಲ. ಪಾಪ ಎಂದ ವಿಂಟನ್, ಅವಳ ಕಡೆ ನೋಡಿದ, ಈಗ, ಈಗ ಬಾಯಿ ಬಿಟ್ಟರೆ, ಒಂದೇ ಮಾತು, ಅವತ್ತೂ ಒಂದೇ ಮಾತಿತ್ತು — ಇಲ್ಲಿ ಮನೆಗೊಬ್ಬಳು ಫಿಲೋಮೆನ್ ಇರ್ತಾಳೆ ಬಿಡು ಅಂದಳು.

ಬಾಗಿಲಿನಿಂದ ಒಬ್ಬ ಹೆಂಗಸು ಬಂದಳು, ತಲೆಗೆ ಬಟ್ಟೆ ಕಟ್ಟಿದ್ದಾಳೆ, ಕೈಗೆ ಸಿಮೆಂಟು ಮೆತ್ತಿದೆ, ಡ್ರಮ್ಮಿಗೆ ಚೊಂಬು ಅದ್ದಿ ಕಾಲಿಗೆ ಸುರಿದುಕೊಂಡಳು, ಒಂದು ಕಾಲು, ಇನ್ನೊಂದು ಕಾಲು, ತಲೆಯೆತ್ತಿ ವ್ಯಾನು ನೋಡಿದಳು, ಕಿಟಕಿಯಲ್ಲಿ ಹಳದಿ ಚೀಟಿಗಳು ಕಂಡಿರಬೇಕು, ಹಡಗಿನವರಿಗೆಲ್ಲ ಬೀಸುವ ಹಾಗೆ ಕೈ ಬೀಸಿದಳು, ವಿಂಟನ್ ತೋಳು ಪೂರ್ತಿ ಹೊರಗೆ ಹಾಕಿ ಬೀಸಿದ, ಬೀಸೇ ಫಿಲೋ, ಪಾಪ ಬೀಸ್ತಿದ್ದಾಳೆ, ಫಿಲೋಮೆನ್‌ಳ ಕೈ ಎದೆಯ ಚೀಟಿಯನ್ನು ಒತ್ತಿ ಹಿಡಿದಿದೆ, ಅಲ್ಲಿಂದ ಏಳುತ್ತಿಲ್ಲ, ಆ ಹೆಂಗಸು ಒಳಗೆ ಹೋದಳು, ಲಾರಿ ಸರಿಯಿತು, ವ್ಯಾನು ಕದಲಿತು, ಬಾಗಿಲ ಮುಂದಿನ ಸಿಮೆಂಟಿನ ಮೇಲೆ ಒದ್ದೆ ಪಾದ, ಹಿಮ್ಮಡಿ ದುಂಡಗೆ, ಹೆಬ್ಬೆರಳಿಗಿಂತ ಪಕ್ಕದ ಬೆರಳು ಒಂದು ಚೂರು ಉದ್ದ, ಬೂಟಿನ ಸೈಜು ಒಂಬತ್ತಿರಬಹುದು, ಇಲ್ಲ ಒಂಬತ್ತೂವರೆ, ಅಂಚು ಆರುತ್ತಿದೆ, ಒಂಬತ್ತೂವರೆ, ಹಾಗಾದರೆ ಹತ್ತೂವರೆ ಕೊಳ್ಳಬೇಕು, ಬಿಳೀದು, ಒಂದು ಸೈಜು ದೊಡ್ಡದು, ಹಿಮ್ಮಡಿ ಆರಿತು, ಬೆರಳುಗಳು ಇನ್ನೂ ಒದ್ದೆ, ಹತ್ತೂವರೆ, ಬಿಳೀದು