ಬೆಂಡೆಕಾಯಿಗೆ ಮೊದಲ ಸ್ಥಾನ

ನಮ್ಮ ಕಚೇರಿಯಲ್ಲಿ ದೇಶಗಳಿಗೆ ತರಕಾರಿ ಹೆಸರು. ಎಂಟು ಶ್ರೀಮಂತ ದೇಶಗಳು, ಎಂಟರಲ್ಲೂ ಚುನಾವಣೆ, ಎಂಟರಲ್ಲೂ ಭಾಷಣ. ಹವಾಮಾನದ ವಿಚಾರದಲ್ಲಿ ಯಾರದು ಬರೀ ಬಾಯಿಮಾತು, ಯಾರದು ಕೆಲಸ ಎಂದು ವರ್ಷಕ್ಕೊಮ್ಮೆ ಅಂಕ ಹಾಕಿ ಪಟ್ಟಿ ಹೊರಡಿಸುವುದು ನಮ್ಮ ಕಸುಬು. ಅಂಕ ಹಾಕುವವರಿಗೆ ಸ್ವಂತ ದೇಶದ ಮೇಲೆ ಮಮಕಾರ, ಪಕ್ಕದ ದೇಶದ ಮೇಲೆ ಹೊಟ್ಟೆಕಿಚ್ಚು ಇರಬಾರದಲ್ಲ, ಅದಕ್ಕೆ ಕಾನೂನುಗಳಿಂದ ಗುರುತೆಲ್ಲ ಅಳಿಸಿ ಕೊಡುತ್ತಾರೆ. ಅಳಿಸುವವನನ್ನು ನಾವು ಕರೆಯುವುದೇ ರಬ್ಬರ್ ಎಂದು. ಆ ವಾರಗಳಲ್ಲಿ ನಾವು ಪತ್ರಿಕೆ ಓದುವಂತಿಲ್ಲ, ಟಿವಿ ನೋಡುವಂತಿಲ್ಲ.

ನನಗಂತೂ ಇನ್ನೂ ಕಷ್ಟ. ನನ್ನ ಅಕ್ಕ ಪರಿಸರ ಮಂತ್ರಿಯ ಸಲಹೆಗಾರ್ತಿ. ಆ ಎಂಟರಲ್ಲಿ ಒಂದಾದ ನಮ್ಮ ದೇಶದಲ್ಲಿ ಇಲ್ಲಿಯವರೆಗೂ ನೆಟ್ಟಗೊಂದು ಹವಾಮಾನ ಕಾನೂನಿಲ್ಲ. ಮೂರು ಸರ್ಕಾರ ಬಿದ್ದರೂ ಬಿಡದೆ ಅಕ್ಕ ಒಂದು ಮಸೂದೆ ಬರೆದು, ಕಂಡಕಂಡವರ ಕಾಲು ಹಿಡಿದು, ಕೊನೆಗೂ ಸಂಸತ್ತಿನ ಬಾಗಿಲಿಗೆ ತಂದಿದ್ದಳು. ಅದು ಹೊರತು ಅವಳಿಗೆ ಬೇರೆ ಬದುಕೇ ಇರಲಿಲ್ಲ. ಆದರೆ ಮನೆಯಲ್ಲಿ ನಾವಿಬ್ಬರೂ ಕೆಲಸದ ಮಾತಾಡುವುದಿಲ್ಲ ಎಂದು ಒಪ್ಪಂದ. ಮಸೂದೆಯೊಳಗೆ ಏನಿದೆ ಎಂದು ನಾನು ಕೇಳಿದವಳೂ ಅಲ್ಲ, ಅವಳು ಹೇಳಿದವಳೂ ಅಲ್ಲ.

ಈ ಸಲದ ತರಕಾರಿಗಳನ್ನು ನೋಡಿ ನನ್ನ ತಲೆ ಕೆಟ್ಟುಹೋಗಿತ್ತು. ಬದನೆಕಾಯಿ ಚುನಾವಣೆ ಹತ್ತಿರ ಬಂತೆಂದು ಇಂಧನ ತೆರಿಗೆಯನ್ನೇ ಕೈಬಿಟ್ಟಿತ್ತು. ಮೂಲಂಗಿ ತನ್ನ ಗುರಿಯನ್ನೆಲ್ಲ ಮೊಮ್ಮಕ್ಕಳ ತಲೆಗೆ ಕಟ್ಟಿ ಕೈ ತೊಳೆದುಕೊಂಡಿತ್ತು. ಬೆಂಡೆಕಾಯಿಯೊಂದೇ ಮಾನವಂತ ದೇಶ. ಕಲ್ಲಿದ್ದಲ ಸ್ಥಾವರಗಳನ್ನು ಮುಚ್ಚುವುದು, ಅಲ್ಲಿಯ ಕಾರ್ಮಿಕರಿಗೆ ಮೊದಲೇ ಬೇರೆ ಕೆಲಸ ಕೊಡುವುದು, ಹೊಗೆಯ ಮೇಲೆ ಹಾಕಿದ ತೆರಿಗೆಯನ್ನು ಮನೆಮನೆಗೆ ಹಂಚುವುದು! ಓದುತ್ತ ಓದುತ್ತ ನನಗೆ ಕಣ್ಣು ತುಂಬಿ ಬಂತು, ನಗಬೇಡಿ. ಅಂಕದ ಕೆಳಗೆ ಬರೆದೆ: ‘ಯಾವ ದೇಶವನ್ನೂ ಇದಕ್ಕಿಂತ ಹೆಚ್ಚು ಕೇಳುವುದು ನ್ಯಾಯವಲ್ಲ.’

ಪಟ್ಟಿ ಹೊರಬಿದ್ದ ಬೆಳಿಗ್ಗೆ ನಮ್ಮ ನಿರ್ದೇಶಕರು, ಹಿಂದೆ ಪಾಠ ಹೇಳುತ್ತಿದ್ದವರಾದ್ದರಿಂದ ಎಲ್ಲರ ಬಾಯಲ್ಲೂ ಮೇಷ್ಟ್ರು, ತರಕಾರಿಗಳ ನಿಜನಾಮ ಓದಿದರು. ಬೆಂಡೆಕಾಯಿ ಅಂದರೆ ನಾವು! ನನಗೆ ಕುಣಿಯುವುದೊಂದು ಬಾಕಿ. ಓಡಿಹೋಗಿ ಅಕ್ಕನಿಗೆ ಫೋನ್ ಮಾಡಿದೆ.

“ಅಕ್ಕಾ, ನಾವೇ ಫಸ್ಟು ಕಣೇ!”

“ಇದನ್ನ ಯಾರ್ಯಾರಿಗೆ ಕಳಿಸಿದೀರಿ?” ಎಂದಳು.

“ಎಲ್ಲರಿಗೂ. ಬೆಳಿಗ್ಗೇನೇ.”

“ಹಾಳಾಯ್ತು. ಮಧ್ಯಾಹ್ನ ಮಸೂದೆಗೆ ಮತ ಇದೆ. ನಮಗೆ ಬೆಂಬಲ ಕೊಡ್ಬೇಕಾದ ಆ ಸಣ್ಣ ಪಕ್ಷದೋರು ಕೈಕೊಡೋಕೆ ನೆಪಕ್ಕೆ ಕಾಯ್ತಾ ಕೂತಿದ್ರು. ಇಡ್ಲಾ? ಒಳಗೆ ಹೋಗ್ಬೇಕು, ಫೋನ್ ಹೊರಗೇ ಬಿಡ್ಬೇಕು.”

ಒಳ್ಳೆ ಸುದ್ದಿಗೂ ಮುಖ ಸೊಟ್ಟ ಮಾಡುವುದು ಇವಳ ಹುಟ್ಟುಗುಣ ಎಂದು ಬೈದುಕೊಂಡೆ.

ಮಧ್ಯಾಹ್ನ ಊಟದ ಕೋಣೆಯ ಟಿವಿ ಮುಂದೆ ನಾವೆಲ್ಲ ಕೂತಿದ್ದೆವು. ಸಣ್ಣ ಪಕ್ಷದ ನಾಯಕ ಎದ್ದುನಿಂತು ಕನ್ನಡಕ ಏರಿಸಿಕೊಂಡ. ಅವನ ಕೈಯಲ್ಲಿ ನಮ್ಮ ಪಟ್ಟಿ.

“ನಾವು ಹವಾಮಾನದ ವೈರಿಗಳಲ್ಲ. ಆದರೆ ಈಗಿರೋ ಕಾನೂನಿನಿಂದಲೇ ನಾವು ಎಂಟು ದೇಶಗಳಲ್ಲಿ ಮೊದಲನೆಯವರು. ತಜ್ಞರೇ ಬರೆದಿದ್ದಾರೆ, ಕೇಳಿ: ‘ಯಾವ ದೇಶವನ್ನೂ ಇದಕ್ಕಿಂತ ಹೆಚ್ಚು ಕೇಳುವುದು ನ್ಯಾಯವಲ್ಲ.’ ಮಿಕ್ಕವರು ಮೊದಲು ನಮ್ಮ ಹತ್ತಿರ ಬರಲಿ. ಈ ಹೊಸ ಮಸೂದೆ ಯಾಕೆ?”

ನನ್ನ ಮಾತು. ಅವನ ಬಾಯಲ್ಲಿ. ಅದಕ್ಕಿಂತ ಭಯ ಹುಟ್ಟಿಸಿದ್ದು ಇನ್ನೊಂದು ಮಾತು. ಈಗಿರೋ ಕಾನೂನಾ? ನಮಗೆ ಯಾವ ಕಾನೂನಿದೆ? ಕಾನೂನೇ ಇಲ್ಲದ ದೇಶಕ್ಕೆ ನಾನು ಅಂಕ ಹಾಕಿದ್ದು ಯಾವುದಕ್ಕೆ?

ರಬ್ಬರ್ ಅಲ್ಲೇ ಪಕ್ಕದಲ್ಲಿ ತಟ್ಟೆ ಹಿಡಿದು ಕೂತಿದ್ದ. ಅವನ ರಟ್ಟೆ ಹಿಡಿದು ಎಬ್ಬಿಸಿದೆ. “ಬೆಂಡೆಕಾಯಿಯ ಮೂಲ ತೆಗಿ. ಈಗಲೇ ತೆಗಿ.”

ಅವನ ಮೇಜಿನ ಮೇಲೆ ಕಂಪ್ಯೂಟರಿನ ತೆರೆ ಬೆಳಗಿತು. ಮೊದಲ ಪುಟದ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ‘ಕರಡು ಮಸೂದೆ’ ಎಂದಿತ್ತು. ನನಗೆ ಕೊಟ್ಟ ಪ್ರತಿಯಲ್ಲಿ ಆ ಜಾಗ ಬರೀ ಬಿಳಿ.

“ಇದನ್ಯಾಕೋ ಅಳಿಸಿದೆ?”

“ಈ ವರ್ಷ ಕಾನೂನಿನ ಬದಲು ಕರಡು ಬಂದಿದ್ದು ಒಂದೇ ದೇಶದಿಂದ ಮೇಡಂ,” ಎಂದ ಅವನು. ನಿಯಮ ಪಾಲಿಸಿದವನ ಹೆಮ್ಮೆ ಮುಖದಿಂದ ಇನ್ನೂ ಪೂರ್ತಿ ಇಳಿದಿರಲಿಲ್ಲ. “ಆ ಪದ ಬಿಟ್ಟಿದ್ರೆ ಯಾವ ದೇಶ ಅಂತ ನಿಮಗೆ ಗೊತ್ತಾಗ್ಬಿಡ್ತಿತ್ತು.”

ಅಕ್ಕನ ಮಸೂದೆಗೇ ನಾನು ಮೊದಲ ಸ್ಥಾನ ಕೊಟ್ಟಿದ್ದೆ. ಆ ಮೊದಲ ಸ್ಥಾನ ತೋರಿಸಿ ಅಕ್ಕನ ಮಸೂದೆಯನ್ನೇ ಅಲ್ಲಿ ಬೇಡ ಎನ್ನುತ್ತಿದ್ದರು. ಅಕ್ಕನಿಗೆ ಫೋನ್ ಮಾಡಿದೆ, ಮತ್ತೆ ಮಾಡಿದೆ. ಸಂಸತ್ತಿನ ಹೊರಗೆ ಯಾವುದೋ ಪೆಟ್ಟಿಗೆಯಲ್ಲಿ ಅದು ಬಡಿದುಕೊಳ್ಳುತ್ತಿದ್ದಿರಬೇಕು. ಮೇಷ್ಟ್ರು ಬಂದು ತೆರೆ ನೋಡಿದರು, ಕುರ್ಚಿ ಎಳೆದುಕೊಂಡು ಕೂತರು. “ತಿದ್ದುಪಡಿ ಕಳಿಸೋಣ,” ಎಂದರು. ಅವರ ದನಿ ಅವರಿಗೇ ಕೇಳಿಸಿರಲಾರದು. ಅಷ್ಟರಲ್ಲಿ ಊಟದ ಕೋಣೆಯಿಂದ ಯಾರೋ ಕೂಗಿದರು, ಮಸೂದೆ ಬಿತ್ತು.

ಸಂಜೆ ಅಕ್ಕನೇ ಫೋನ್ ಮಾಡಿದಳು. ನಾನು ಕಚೇರಿಯ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಒದರಿದೆ. ಬೈಯಲಿ, ಬಾಯಿಗೆ ಬಂದಂತೆ ಬೈಯಲಿ ಎಂದು ಕಾದೆ. ನಾನಾಗಿದ್ದರೆ ಸುಮ್ಮನೆ ಬಿಡುತ್ತಿರಲಿಲ್ಲ.

“ಅಂದ್ರೆ ನೀನು ಅದನ್ನ ಓದಿದೀಯ,” ಎಂದಳು ಅಕ್ಕ.

“ಹೂಂ.”

“ನಂದು ಅಂತ ಗೊತ್ತಿಲ್ದೇ ಓದಿದೀಯ.”

“ಹೂಂ ಅಕ್ಕ.”

ಅವಳು ಮೂಗು ಎಳೆದುಕೊಂಡಿದ್ದು ಕೇಳಿಸಿತು. “ನಿಜ ಹೇಳು, ಚೆನ್ನಾಗಿತ್ತೇನೇ?”