ತಂಗಿಯ ಅಚ್ಚು

ನನ್ನ ತಂಗಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತು, ಅವಳಿಗಂತೂ ಚೆನ್ನಾಗಿ ಗೊತ್ತು.

ಅಪ್ಪ ಎಲೆಕ್ಟ್ರಿಕ್ ಗಿಟಾರ್ ಮಾಡುತ್ತಾರೆ. ಕಾರ್ಖಾನೆ ಎಂದರೆ ಮನೆಯ ಹಿಂದಿನ ಉದ್ದನೆಯ ಕೋಣೆ, ಎರಡು ಮೇಜು, ಒಂದು ಕಿಟಕಿ. ಹತ್ತೊಂಬತ್ತು ವರ್ಷ ಆ ಕಿಟಕಿಯ ಪಕ್ಕದ ಮೇಜು ನನ್ನದಾಗಿತ್ತು. ತಂತಿಯ ಸದ್ದು ಹಿಡಿಯುವ ಪಿಕಪ್ ಕೂರಲು ಮರದಲ್ಲಿ ಗುಂಡಿ ತೋಡಬೇಕಲ್ಲ, ಅದು ನನ್ನ ಕೆಲಸ. ಉಳಿ, ಕೊಡತಿ ಹಿಡಿದು ಕೂತರೆ ಒಂದು ಗುಂಡಿಗೆ ಅರ್ಧ ದಿನ. ತಂಗಿ ಆಗ ಬಣ್ಣ ಹೊಡೆಯುತ್ತಿದ್ದಳು. ಹಾಗೇ ಇದ್ದಿದ್ದರೆ ನಾವಿಬ್ಬರೂ ಚೆನ್ನಾಗಿರುತ್ತಿದ್ದೆವು.

ಹೋದ ವರ್ಷ ಅವಳು ಎಲ್ಲಿಗೋ ಹೋಗಿ ಮರ ಕೊರೆಯುವ ರೂಟರ್ ಯಂತ್ರ ಕಲಿತು ಬಂದಳು. ಎಂಡಿಎಫ್ ಹಲಗೆಯಲ್ಲಿ ಗುಂಡಿಯ ಆಕಾರದ ಅಚ್ಚು ಕತ್ತರಿಸಿಕೊಂಡು, ಅದನ್ನು ಮರದ ಮೇಲೆ ಅಂಟಿಸಿ, ಯಂತ್ರವನ್ನು ಅದರೊಳಗೆ ಸುತ್ತಿಸಿದರೆ ಇಪ್ಪತ್ತು ನಿಮಿಷಕ್ಕೆ ಗುಂಡಿ ತಯಾರು. ಪಿಕಪ್ ಇಟ್ಟರೆ ಸುತ್ತ ಕಾಗದ ತೂರಿಸಲೂ ಜಾಗವಿರುವುದಿಲ್ಲ. ಬಂದವರಿಗೆಲ್ಲ ಅಪ್ಪ ಅದನ್ನೇ ತೋರಿಸುವುದು. "ನಮ್ಮ ಚಿಕ್ಕವಳು ಮಾಡಿದ್ದು, ನೋಡಿ." ಅಷ್ಟು ವರ್ಷ ನಾನು ತೋಡಿದ್ದನ್ನು ಒಬ್ಬರಿಗಾದರೂ ತೋರಿಸಿದ್ದರೇ? ನಾನೇನು ಗಿಡ ನೆಡಲು ಗುಂಡಿ ತೋಡುತ್ತಿದ್ದೆನೇ? ಬೆಳಕು ಬೇಕೆಂದು ಕಿಟಕಿಯ ಮೇಜೂ ಅವಳ ಪಾಲಾಯಿತು.

ಹಲ್ಲು ಕಚ್ಚಿಕೊಂಡು ನಾನೂ ರೂಟರ್ ಹಿಡಿಯಲು ಕಲಿತೆ. ಆದರೆ ನನ್ನ ಪಾಲಿಗೆ ಬಂದದ್ದು ಗಿಟಾರಿನ ಹಿಂಬದಿಯ, ವೈರು ಕೂರುವ ಗುಂಡಿಗಳು. ಅವುಗಳ ಮೇಲೆ ಮುಚ್ಚಳ ಬರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ನಾನು ಬಳಸುವುದು ಬೇರಿಂಗ್ ಇರುವ ಬಿಟ್, ಅಂದರೆ ತನ್ನಷ್ಟೇ ದಪ್ಪದ ಪುಟ್ಟ ಚಕ್ರವಿರುವ ಕೊರೆಯುವ ಅಲಗು. ಬೇರಿಂಗ್ ಅಚ್ಚಿನ ಅಂಚಿಗೆ ಒರಗಿ ಉರುಳುತ್ತದೆ. ಅಚ್ಚು ಎಷ್ಟಿದೆಯೋ ಗುಂಡಿಯೂ ಅಷ್ಟೇ. ತಂಗಿ ತನ್ನ ಅಚ್ಚುಗಳನ್ನು ನನಗೆ ಮುಟ್ಟಲು ಬಿಡುತ್ತಿರಲಿಲ್ಲ. ಹತ್ತಿರ ಹೋದರೆ ಯಂತ್ರ ನಿಲ್ಲಿಸಿ, "ಏನಕ್ಕಾ, ಏನಾದ್ರೂ ಬೇಕಿತ್ತಾ?" ಎನ್ನುತ್ತಿದ್ದಳು, ಅಂಗಡಿಗೆ ಬಂದವರನ್ನು ಕೇಳಿದ ಹಾಗೆ.

ಅಪ್ಪನ ಬಳಿ ಒಂದು ಅಕ್ರೋಟು ಮರದ ಹಲಗೆ ಇತ್ತು. ನಾನು ಹುಟ್ಟುವ ಮೊದಲೇ ತಂದಿಟ್ಟದ್ದು. ಅದರಲ್ಲಿ ತಮ್ಮ ಕೊನೆಯ ಗಿಟಾರ್ ಮಾಡುತ್ತೇನೆ ಎನ್ನುತ್ತಿದ್ದರು. ಈ ತಿಂಗಳು ಅದನ್ನು ತಾವೇ ಕೊಯ್ದು, ಉಜ್ಜಿ, ಮೇಜಿನ ಮೇಲೆ ತಂದಿಟ್ಟರು.

"ಮುಂದುಗಡೆ ಗುಂಡಿ ಚಿಕ್ಕವಳು ಹೊಡೀಲಿ. ದೊಡ್ಡವಳೇ, ನೀನು ಹಿಂದುಗಡೇದು ನೋಡ್ಕೋ."

"ಆಯ್ತಪ್ಪ" ಎಂದೆ. ಒಳಗೆ ಬೆಂಕಿ ಬಿದ್ದಿತ್ತು. ಕೊನೆಯ ಗಿಟಾರಿನಲ್ಲೂ ನನಗೆ ಮುಚ್ಚಳದ ಕೆಳಗಿನ ಜಾಗವೇ.

ಮರುದಿನ ಬೆಳಿಗ್ಗೆ ತಂಗಿ ಹಲ್ಲಿನ ಡಾಕ್ಟರ ಬಳಿ ಹೋದಳು. ಅಪ್ಪ ವಾರ್ನಿಷ್ ತರಲು ಹೋದರು. ನಾನು ಅವಳ ಡ್ರಾಯರಿನಿಂದ ಅಚ್ಚನ್ನು ತೆಗೆದು, ಗೆರೆಗೆ ಗೆರೆ ಕೂಡಿಸಿ ಹಲಗೆಗೆ ಅಂಟಿಸಿದೆ. ಪಿಕಪ್ ಇಟ್ಟು ಅಳತೆ ನೋಡಲಿಲ್ಲ. ಅವಳ ಅಚ್ಚಿನ ಮೇಲೆ ನನಗೆ ಅಷ್ಟು ನಂಬಿಕೆ. ಅದೇ ಅಲ್ಲವೇ ನನ್ನ ಸಂಕಟ. ನನ್ನ ಬಿಟ್ ಹಾಕಿ, ಒಂದೇ ಸಲಕ್ಕೆ ಆಳಕ್ಕಿಳಿಸದೆ, ಎರಡೆರಡು ಮಿಲಿಮೀಟರಿನಂತೆ ಕೊರೆದೆ. ಮೂಲೆಗಳಲ್ಲಿ ನಿಧಾನಿಸದೆ, ಓಡದೆ, ಒಂದೇ ಹದದಲ್ಲಿ ಸುತ್ತಿದೆ. ಅಷ್ಟು ಚೆಂದದ ಗುಂಡಿಯನ್ನು ನಾನು ಜನ್ಮದಲ್ಲಿ ಕೊರೆದಿರಲಿಲ್ಲ.

ಪಿಕಪ್ ಇಟ್ಟೆ. ಅದು ಒಳಗೆ ಬಿದ್ದು ಅತ್ತಿತ್ತ ಅಲ್ಲಾಡಿತು. ಸುತ್ತಲೂ ಮೂರು ಮಿಲಿಮೀಟರ್ ಖಾಲಿ.

ಮೊದಲು ಬಂದವಳು ತಂಗಿ. ಇಂಜೆಕ್ಷನ್ನಿನಿಂದ ಅರ್ಧ ಬಾಯಿ ಜೋಮು ಹಿಡಿದಿತ್ತು. ಹಲಗೆ ನೋಡಿದಳು, ಯಂತ್ರ ನೋಡಿದಳು.

"ಬೇರಿಂಗ್ ಹಾಕಿ ಹೊಡೆದ್ಯಾ?" ಎಂದು ಗೋಡೆಗೆ ನೇತುಹಾಕಿದ್ದ ತನ್ನ ಏಪ್ರನ್ನಿನ ಜೇಬಿನಿಂದ ಉಂಗುರದಂಥ ಒಂದು ಹಿತ್ತಾಳೆ ಬುಷ್ ತೆಗೆದಳು. "ಬಿಟ್ ಸುತ್ತ ಇದನ್ನ ಹಾಕ್ಬೇಕಿತ್ತು ಅಕ್ಕ. ಅಂಚಿಗೆ ತಾಗೋದು ಇದು. ಬಿಟ್‌ಗಿಂತ ದಪ್ಪ ಇದೆ, ಅದಕ್ಕೇ ಅಚ್ಚನ್ನ ಸುತ್ತ ಮೂರು ಮಿಲಿಮೀಟರ್ ದೊಡ್ಡದು ಮಾಡಿರೋದು."

"ಅಚ್ಚಿನ ಮೇಲೆ ಬರೆದಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅಷ್ಟರಲ್ಲಿ ಅಪ್ಪ ವಾರ್ನಿಷ್ ಡಬ್ಬ ಹಿಡಿದು ಒಳಗೆ ಬಂದರು. ಡಬ್ಬ ಕೆಳಗಿಟ್ಟು ಹಲಗೆಯ ಮೇಲೆ ಬಗ್ಗಿದರು.

"ಯಾರು ಹೊಡೆದಿದ್ದು?"

ನಾನು ಬಾಯಿ ತೆರೆಯುವ ಮೊದಲೇ ತಂಗಿ, "ನಾನೇ ಅಪ್ಪ" ಎಂದಳು. ನನಗೆ ಮೈಯೆಲ್ಲ ಉರಿಯಿತು. ತಪ್ಪು ಹೊತ್ತುಕೊಳ್ಳುವುದರಲ್ಲೂ ಇವಳೇ ಮುಂದೆ ನಿಲ್ಲಬೇಕೇ?

ಅಪ್ಪ ಗುಂಡಿಯೊಳಗೆ ಬೆರಳಿಟ್ಟು ಮೆಲ್ಲಗೆ ಒಂದು ಸುತ್ತು ಹಾಕಿದರು.

"ಸುಳ್ಳು ಹೇಳ್ಬೇಡ. ನೀನು ಅವಸರದವಳು, ಒಂದೇ ಸಲಕ್ಕೆ ಆಳಕ್ಕಿಳಿಸ್ತೀಯ, ಮೂಲೇಲಿ ಮರ ಸುಟ್ಟು ಕಪ್ಪಾಗುತ್ತೆ. ಇದ್ರಲ್ಲಿ ಒಂದು ಚುಕ್ಕೆ ಇಲ್ಲ. ಇಷ್ಟು ಚೆನ್ನಾಗಿ ಹೊಡೆಯೋಕೆ ನಿನ್ನ ಕೈಲಿ ಆಗಲ್ಲ. ಇದು ದೊಡ್ಡವಳ ಕೈ." ಆಮೇಲೆ ಯಂತ್ರದಲ್ಲಿದ್ದ ನನ್ನ ಬಿಟ್ ನೋಡಿದರು. "ಬುಷ್ ವಿಷಯ ಇವಳಿಗೆ ಹೇಳಿರಲಿಲ್ವಾ?"

"ಇಲ್ಲ."

"ಯಾಕೆ?"

ತಂಗಿ ಜೋಮು ಹಿಡಿದ ಕೆನ್ನೆಯನ್ನು ಒತ್ತಿಕೊಂಡಳು. "ಹೇಳಿದ್ರೆ ವಾರದಲ್ಲಿ ನನಗಿಂತ ಚೆನ್ನಾಗಿ ಮಾಡ್ತಿದ್ಲು. ಆಮೇಲೆ ನಾನು ಮತ್ತೆ ಬಣ್ಣ ಹೊಡೀಬೇಕಿತ್ತು."

ಅಪ್ಪ ಸ್ಟೂಲಿನ ಮೇಲೆ ಕುಳಿತು ಎರಡೂ ಅಂಗೈಗಳನ್ನು ಹಲಗೆಯ ಮೇಲಿಟ್ಟರು. ತೇಪೆ ಹಾಕಬಹುದು, ಆದರೆ ಅಂಥ ಮರದಲ್ಲಿ ತೇಪೆ ಎದ್ದು ಕಾಣುತ್ತದೆ. ಇನ್ನೊಂದು ಹಲಗೆ ತಂದು, ಅದು ಒಣಗುವವರೆಗೆ ವರ್ಷಗಟ್ಟಲೆ ಕಾಯುವ ವಯಸ್ಸು ಅವರದಲ್ಲ. ನನಗೆ ಆಗ ಅಳು ಬರಬೇಕಿತ್ತು. ಬರಲಿಲ್ಲ. ತಂಗಿ ನನ್ನ ಕೈಗಳನ್ನೇ ನೋಡುತ್ತಿದ್ದಳು, ಅವಳಿಗೆ ಚೆನ್ನಾಗಿ ಕಾಣಲೆಂದು ನಾನು ಅವನ್ನು ಮೇಜಿನ ಮೇಲೆಯೇ ಇಟ್ಟುಕೊಂಡಿದ್ದೆ.